ಸ್ಟೂಲ್ ಬಿಟ್ಟೇಳದೆ ಡ್ರಮ್ಸ್ ರೆಕಾರ್ಡಿಂಗ್

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹತ್ತು ವರ್ಷ ರಿದಮ್ ಪ್ಯಾಡ್ ನುಡಿಸಿದವನು ನಾನು. ರೋಲ್ಯಾಂಡ್ ಎಸ್‌ಪಿಡಿ-20, ಅದರ ಎಂಟು ಪ್ಯಾಡ್, ಎರಡು ಸ್ಟಿಕ್ಕು. ಪೆಂಡಾಲಿಗೆ ಹೋಗಿ ಮಿಕ್ಸರ್‌ಗೆ ಕೇಬಲ್ ಚುಚ್ಚಿದರೆ ಐದು ನಿಮಿಷದಲ್ಲಿ ಕಾರ್ಯಕ್ರಮ ಶುರು. ಹಾಗಾಗಿ ಮನೆಯಲ್ಲೇ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಇಟ್ಟುಕೊಂಡು, ಬೇರೆಯವರ ಹಾಡುಗಳಿಗೆ ನುಡಿಸಿ ಕಳಿಸುವ ಕೆಲಸ ಹಿಡಿದಾಗ ಇದೂ ಅಷ್ಟೇ ಸಲೀಸು ಅಂದುಕೊಂಡಿದ್ದೆ. ಮೊದಲ ಹಾಡಿನ ದಿನ ಸಂಜೆ ಏಳಕ್ಕೆ ಕೂತವನು ಮೊದಲ ಟೇಕ್ ತೆಗೆದದ್ದು ಎಂಟೂವರೆಗೆ. ಕೇಬಲ್ ಹುಡುಕಿದ್ದು, ಹೆಡ್‌ಫೋನಿನಲ್ಲಿ ಸದ್ದು ಯಾಕೆ ಬರುತ್ತಿಲ್ಲ ಅಂತ ಒದ್ದಾಡಿದ್ದು, ಸ್ನೇರ್ (ಎದುರಿಗಿರುವ, ಚಟ್ ಅನ್ನುವ ಡ್ರಮ್) ಸದ್ದು ಆರಿಸುತ್ತಾ ನಲವತ್ತು ನಿಮಿಷ ಕಳೆದದ್ದು. ನುಡಿಸಿದ್ದು ಹನ್ನೆರಡೇ ನಿಮಿಷ.

ಅವತ್ತಿನಿಂದ ನನ್ನ ಸ್ಟುಡಿಯೋಗೆ ಒಂದೇ ಅಳತೆ ಇಟ್ಟುಕೊಂಡೆ. ಸ್ಟೂಲ್ ಮೇಲೆ ಕೂತ ಎರಡು ನಿಮಿಷದೊಳಗೆ ರೆಕಾರ್ಡಿಂಗ್ ಶುರುವಾಗಬೇಕು, ಹಾಡು ಮುಗಿಯುವ ತನಕ ಏಳಬಾರದು. ಹೊಸ ಸಾಮಾನು ಕೊಳ್ಳುವ ಆಸೆ ಬಂದಾಗಲೆಲ್ಲ ಇದು ಆ ಎರಡು ನಿಮಿಷವನ್ನು ಕಡಿಮೆ ಮಾಡುತ್ತದೆಯೇ ಅಂತ ಕೇಳಿಕೊಳ್ಳುತ್ತೇನೆ. ಬಹುಪಾಲು ಸಲ ಇಲ್ಲ.

ಮೊದಲು ನೆಲದ ಕಥೆ. ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ. ಪ್ಯಾಡಿನ ಮೆಶ್ ಹೆಡ್ (ಬಲೆಯಂಥ ಹೊದಿಕೆ) ಮೇಲೆ ಸ್ಟಿಕ್ ಬಿದ್ದರೆ ಪಕ್ಕದ ಕೋಣೆಗೂ ಸರಿಯಾಗಿ ಕೇಳುವುದಿಲ್ಲ, ಆದರೆ ಕಾಲಲ್ಲಿ ನುಡಿಸುವ ದೊಡ್ಡ ಡ್ರಮ್ಮಿನ ಕಿಕ್ ಪೆಡಲ್ ತುಳಿದದ್ದು ಮಾತ್ರ ನೇರವಾಗಿ ನೆಲಕ್ಕಿಳಿದು ಕೆಳಗಿನ ಮನೆಯ ಚಾವಣಿಯನ್ನೇ ಬಡಿಯುತ್ತದೆ. ಒಂದು ವಾರ ತಡೆದುಕೊಂಡ ಕೆಳಮನೆ ಆಂಟಿ ಲಿಫ್ಟಿನಲ್ಲಿ ಸಿಕ್ಕಾಗ, "ರಾತ್ರಿ ಹೊತ್ತು ಅದೇನು ಕುಟ್ತಾ ಇರ್ತೀರಪ್ಪಾ, ಖಾರದಪುಡೀನಾ?" ಅಂದರು. ಬಡಗಿಯನ್ನು ಕರೆಸಿ ಎರಡು ಪ್ಲೈವುಡ್ ಹಲಗೆ ಕೊಯ್ಯಿಸಿದೆ. ಕೆಳಗಿನ ಹಲಗೆಯಲ್ಲಿ ಟೆನಿಸ್ ಚೆಂಡಿಗಿಂತ ತುಸು ಸಣ್ಣ ತೂತುಗಳು, ಅದರಲ್ಲಿ ಇಪ್ಪತ್ತನಾಲ್ಕು ಚೆಂಡು, ಅದರ ಮೇಲೆ ಇನ್ನೊಂದು ಹಲಗೆ, ಹಲಗೆ ಮೇಲೆ ಹಳೇ ಕಾರ್ಪೆಟ್, ಆಮೇಲೆ ಡ್ರಮ್ಸ್. ಮೊದಲ ದಿನ ಹಲಗೆಯ ಅಂಚು ಗೋಡೆಗೆ ತಾಗುತ್ತಿತ್ತು. ಅಷ್ಟು ಸಾಕು, ಅದುರು ಗೋಡೆ ಹಿಡಿದು ಇಳಿಯಿತು. ನಾಲ್ಕು ಬೆರಳು ಈಚೆ ಎಳೆದ ಮೇಲೆ ಆಂಟಿ ಏನೂ ಹೇಳಿಲ್ಲ. ಹಾಗಂತ ರಾತ್ರಿ ಒಂಬತ್ತರ ಮೇಲೆ ನಾನು ಕಿಕ್ ತುಳಿಯುವುದೂ ಇಲ್ಲ.

ಇನ್ನು ರೆಕಾರ್ಡಿಂಗ್. ಪ್ಯಾಡುಗಳ ಕೇಬಲ್ಲುಗಳೆಲ್ಲ ಸೇರುವ ಪೆಟ್ಟಿಗೆಯಾದ ಮಾಡ್ಯೂಲ್‌ನಿಂದ ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಕೇಬಲ್ ಇದೆ. ಅದರಲ್ಲಿ ಮುಖ್ಯವಾಗಿ ಹೋಗುವುದು ಮಿಡಿ, ಅಂದರೆ ಸದ್ದಲ್ಲ, ಹೊಡೆತದ ಲೆಕ್ಕ: ಯಾವ ಪ್ಯಾಡ್, 1ರಿಂದ 127ರ ಅಳತೆಯಲ್ಲಿ ಎಷ್ಟು ಜೋರು. ಲ್ಯಾಪ್‌ಟಾಪಿನೊಳಗಿನ ಸ್ಯಾಂಪ್ಲರ್ ಆ ಲೆಕ್ಕ ನೋಡಿ, ನಿಜವಾದ ಡ್ರಮ್ಸ್‌ನಿಂದ ಹಿಡಿದಿಟ್ಟ ಸದ್ದನ್ನು ನುಡಿಸುತ್ತದೆ. ಸ್ನೇರ್ ಇಷ್ಟವಾಗದಿದ್ದರೆ ನಾಳೆ ಬದಲಿಸಬಹುದು.

ಈ "ನಾಳೆ ಬದಲಿಸಬಹುದು" ಅನ್ನುವುದೇ ನನ್ನನ್ನು ಕೆಡಿಸಿದ್ದು. ಶುರುವಿನಲ್ಲಿ ಮಾಡ್ಯೂಲ್‌ನ ಒಳಗಿನ ಸದ್ದನ್ನೇ ಕೇಳುತ್ತಾ ನುಡಿಸಿ, ಆಮೇಲೆ ಸ್ಯಾಂಪ್ಲರ್ ಸದ್ದು ಕೂರಿಸುತ್ತಿದ್ದೆ. ಹೊಡೆದದ್ದು ತಡವಾಗಿ ಕೇಳುವ ವಿಳಂಬದ ರಗಳೆ ಇರುವುದಿಲ್ಲವಾದ್ದರಿಂದ ತುಂಬ ಜನ ಹೀಗೇ ಮಾಡುತ್ತಾರೆ. ಒಂದು ಭಾವಗೀತೆಯ ಚರಣದಲ್ಲಿ ಸ್ನೇರ್ ಮೇಲೆ ನಾನು ಮುತ್ತು ಪೋಣಿಸಿದ ಹಾಗೆ ಹಾಕಿದ್ದ ಗೋಸ್ಟ್ ನೋಟ್‌ಗಳು (ಕೇಳಿಯೂ ಕೇಳದಂಥ ಸಣ್ಣ ಹೊಡೆತಗಳು) ಸ್ಯಾಂಪ್ಲರ್‌ನಲ್ಲಿ ಕಾಣೆಯಾಗಿದ್ದವು. ತೆರೆದು ನೋಡಿದರೆ ಎಲ್ಲವೂ 12, 15, 18. ಮಾಡ್ಯೂಲ್‌ನ ಸ್ನೇರ್ ಸಣ್ಣ ಹೊಡೆತವನ್ನೂ ಎತ್ತಿ ಕೇಳಿಸುತ್ತಿತ್ತು. ಕಿವಿಗೆ ಸಾಕೆನಿಸಿದ್ದಕ್ಕೆ ಕೈ ಹಗುರವಾಗಿತ್ತು. ಕೈಗೆ ಸ್ವಂತ ಬುದ್ಧಿಯಿಲ್ಲ, ಅದು ಕಿವಿ ಹೇಳಿದಂತೆ ಕೇಳುತ್ತದೆ. ಅಂಕೆಗಳನ್ನು ಒಂದೊಂದಾಗಿ ಏರಿಸುತ್ತಾ ಕೂತರೆ ಸಂಗೀತ ಹೋಗಿ ಗುಮಾಸ್ತಗಿರಿಯಾಗುತ್ತದೆ. ಇಡೀ ಹಾಡು ಮತ್ತೆ ನುಡಿಸಿದೆ.

ಈಗ ಯಾವ ಸದ್ದು ಕಳಿಸುತ್ತೇನೋ ಅದನ್ನೇ ಕೇಳುತ್ತಾ ನುಡಿಸುತ್ತೇನೆ. ಮೂರೇ ಕಿಟ್ ಉಳಿಸಿಕೊಂಡಿದ್ದೇನೆ: ಮಾರ್ದನಿಯಿಲ್ಲದ ಒಣಗಿದ್ದೊಂದು, ದೊಡ್ಡ ಕೋಣೆಯದೊಂದು, ಹಳೇ ಕಾಲದ ದಪ್ಪ ಸ್ನೇರಿನದೊಂದು. ಹಾಡು ಒಮ್ಮೆ ಕೇಳಿ, ಮೂರರಲ್ಲೊಂದು ಆರಿಸಿ, ಆ ಕಡೆ ತಿರುಗಿ ನೋಡುವುದಿಲ್ಲ.

ಹೀಗೆ ನುಡಿಸಬೇಕಾದರೆ ವಿಳಂಬ ಕಡಿಮೆಯಿರಬೇಕು. ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕು, 1024 ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 21 ಮಿಲಿಸೆಕೆಂಡ್, ಎಮ್ಮೆ ಮೇಲೆ ಕೂತು ನುಡಿಸಿದ ಹಾಗೆ. 128 ಇಟ್ಟರೆ 2.7. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಮೂರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಅಂದರೆ ಸ್ನೇರ್ ತೋಳಳತೆಯಲ್ಲಿದ್ದಷ್ಟೇ ವ್ಯತ್ಯಾಸ. ಮಾಡ್ಯೂಲ್ ಹೊಡೆತವನ್ನು ಗುರುತಿಸುವ ಸಮಯ, ಇಂಟರ್‌ಫೇಸಿನ (ಲ್ಯಾಪ್‌ಟಾಪಿನ ಸದ್ದನ್ನು ಹೆಡ್‌ಫೋನಿಗೆ ಕೊಡುವ ಪೆಟ್ಟಿಗೆ) ಸಮಯ ಎಲ್ಲ ಕೂಡಿಸಿದರೂ ಹತ್ತರೊಳಗೆ ಇದ್ದರೆ ನನ್ನ ಕೈಗೆ ತೊಂದರೆಯಿಲ್ಲ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ಜೊತೆ ಬಂದ ಆಸಿಯೋ ಡ್ರೈವರನ್ನೇ (ವಿಳಂಬ ಕಡಿಮೆ ಮಾಡುವ ತಂತ್ರಾಂಶ) ಬಳಸಬೇಕು. ಹಾಡಿನ ಬೇರೆ ಟ್ರ್ಯಾಕುಗಳನ್ನೆಲ್ಲ ಹಾಕಿಕೊಳ್ಳದೆ ಒಂದೇ ಸ್ಟೀರಿಯೋ ಫೈಲ್ ಇಟ್ಟುಕೊಂಡರೆ ಲ್ಯಾಪ್‌ಟಾಪ್ ಏದುಸಿರು ಬಿಡುವುದಿಲ್ಲ.

ಅತಿ ಹೆಚ್ಚು ದಿನ ತಿಂದದ್ದು ಹೈ-ಹ್ಯಾಟ್, ಪೆಡಲ್ ತುಳಿದು ತೆರೆದು ಮುಚ್ಚುವ ಜೋಡಿ ತಾಳ. ಅಂಚಿಗೆ ಹೊಡೆದರೆ ಸದ್ದೇ ಇಲ್ಲ, ಮೇಲೆ ಹೊಡೆದರೆ ಇದೆ. ಪ್ಯಾಡ್ ಕೆಟ್ಟಿದೆ ಅಂತ ಕೇಬಲ್ ಬದಲಿಸಿದೆ, ಬಿಚ್ಚಿ ನೋಡಿದೆ. ಕೊನೆಗೆ ಯಾವ ಪ್ಯಾಡ್ ಅಂತ ಹೇಳುವ ಮಿಡಿ ಅಂಕೆ ನೋಡಿದಾಗ ಗೊತ್ತಾಯಿತು. ಮುಚ್ಚಿದ ಹೈ-ಹ್ಯಾಟ್‌ಗೆ ಎಲ್ಲರೂ ಒಪ್ಪಿದ ಅಂಕೆ 42, ತೆರೆದದ್ದಕ್ಕೆ 46. ನನ್ನ ಮಾಡ್ಯೂಲ್ ಅಂಚಿನ ಹೊಡೆತಕ್ಕೆ 22, 26 ಕಳಿಸುತ್ತಿತ್ತು. ಜನರಲ್ ಮಿಡಿ ಅನ್ನುವ ಆ ಒಪ್ಪಂದದ ಡ್ರಮ್ಸ್ ಪಟ್ಟಿ ಇರುವುದು 35ರಿಂದ 81ರ ತನಕ, ಅದಷ್ಟೇ ಗೊತ್ತಿರುವ ಸ್ಯಾಂಪ್ಲರ್‌ಗೆ 22 ಅಂದರೆ ಊರಲ್ಲೇ ಇಲ್ಲದ ವಿಳಾಸ. ಇನ್ನೊಂದು ರಗಳೆ ಪೆಡಲಿನದು. ಅದು ಎಷ್ಟು ತುಳಿದಿದ್ದೇವೆ ಅನ್ನುವುದನ್ನು ಕಂಟ್ರೋಲರ್ 4 ಅನ್ನುವ ಮಿಡಿ ಸಂದೇಶದಲ್ಲಿ ಕಳಿಸುತ್ತದೆ. ನಾನು ಪೂರ್ತಿ ತುಳಿದರೂ 90ಕ್ಕೆ ನಿಲ್ಲುತ್ತಿತ್ತು, ಸ್ಯಾಂಪ್ಲರ್ 127ರ ದಾರಿ ಕಾಯುತ್ತಿತ್ತು. ಹಾಗಾಗಿ ಮುಚ್ಚಿದ ಹೈ-ಹ್ಯಾಟ್ ಯಾವಾಗಲೂ ಸ್ವಲ್ಪ ಬಾಯಿ ಬಿಟ್ಟಂತೆ ಸುಯ್ಯೆನ್ನುತ್ತಿತ್ತು. ಎರಡನ್ನೂ ಸ್ಯಾಂಪ್ಲರ್ ಒಳಗೇ ಸರಿಪಡಿಸಿ, ಆ ಮ್ಯಾಪನ್ನು ಸೇವ್ ಮಾಡಿ, ಒಂದು ಪ್ರತಿಯನ್ನು ನನಗೇ ಇಮೇಲ್ ಮಾಡಿಕೊಂಡಿದ್ದೇನೆ. ಹೊಸದಾಗಿ ಸೆಟ್ ತಂದವರು ಬೇರೇನೂ ಮಾಡದಿದ್ದರೂ ಒಂದು ಮಧ್ಯಾಹ್ನ ಪ್ರತಿ ಪ್ಯಾಡಿನ ಪ್ರತಿ ಜಾಗಕ್ಕೆ ಹೊಡೆದು ಯಾವ ಅಂಕೆ ಬರುತ್ತದೆ ಅಂತ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಕಿಕ್ ತುಳಿದರೆ ಟಾಮ್ ಸಣ್ಣಗೆ ಕೂಗುವುದು, ಒಂದು ಹೊಡೆತಕ್ಕೆ ಎರಡು ನೋಟ್ ಬೀಳುವುದು, ಇವೆಲ್ಲ ಮಾಡ್ಯೂಲ್‌ನ ಕ್ರಾಸ್‌ಟಾಕ್, ಥ್ರೆಶೋಲ್ಡ್, ರೀಟ್ರಿಗರ್ ಸೆಟ್ಟಿಂಗಿನಲ್ಲಿ ಒಮ್ಮೆ ಸರಿಮಾಡಿದರೆ ಮುಗಿಯಿತು.

ರೀಪರ್ ಅನ್ನುವ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದು ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ತೆರೆದರೆ ಮಿಡಿ ಟ್ರ್ಯಾಕ್ ರೆಕಾರ್ಡಿಗೆ ಸಿದ್ಧ, ಕಿಕ್, ಸ್ನೇರ್, ಹೈ-ಹ್ಯಾಟ್, ಟಾಮ್, ಓವರ್‌ಹೆಡ್ (ಮೇಲಿನ ಮೈಕಿನ ಸದ್ದು), ರೂಮ್ (ಕೋಣೆಯ ಸದ್ದು) ಬೇರೆ ಬೇರೆ ಟ್ರ್ಯಾಕಿಗೆ ಹಂಚಿಕೆಯಾಗಿರುತ್ತವೆ. ಮಾಡ್ಯೂಲ್‌ನ ಸ್ವಂತ ಸದ್ದೂ ಒಂದು ಟ್ರ್ಯಾಕಿನಲ್ಲಿ ಮ್ಯೂಟ್ ಆಗಿ ರೆಕಾರ್ಡ್ ಆಗುತ್ತಿರುತ್ತದೆ. ಎರಡು ವರ್ಷದಲ್ಲಿ ಅದು ಬೇಕಾದದ್ದು ಒಂದೇ ಸಲ, ಆದರೆ ಆ ಸಲ ಮಾನ ಉಳಿಸಿತು. ಏಳೆಣಿಕೆಯ ಮಿಶ್ರಛಾಪಿನ ಹಾಡು ಬಂದರೆ ರೆಡಿಮೇಡ್ ಕ್ಲಿಕ್ (ಲಯ ತಪ್ಪದಿರಲು ಕಿವಿಯಲ್ಲಿ ಬಡಿಯುವ ಟಿಕ್ ಟಿಕ್) ಉಪಯೋಗಕ್ಕೆ ಬರುವುದಿಲ್ಲ, ಮೊದಲನೆಯದು ಬಿಟ್ಟರೆ ಉಳಿದವನ್ನೆಲ್ಲ ಸಾಮಾನ್ಯವಾಗಿ ಒಂದೇ ಥರ ಬಡಿಯುತ್ತದೆ. ಒಂದು, ನಾಲ್ಕು, ಆರನೇ ಎಣಿಕೆಗೆ ಒತ್ತು ಬರುವಂತೆ ರಿಮ್ ಸದ್ದಿನಲ್ಲಿ ಕ್ಲಿಕ್ ಟ್ರ್ಯಾಕ್ ಬರೆದಿಟ್ಟುಕೊಂಡಿದ್ದೇನೆ. ತಕಿಟ ತಕ ತಕ ಅಂತ ಬಾಯಲ್ಲಿ ಹೇಳಿಕೊಂಡು ಕೂರಬಹುದು.

ಸ್ಟೂಲ್‌ನಿಂದ ಏಳದಿರುವ ಉಪಾಯ ಅಗ್ಗದ್ದು: ನಂಬರ್‌ಗಳಷ್ಟೇ ಇರುವ ಚಿಕ್ಕ ಕೀಬೋರ್ಡ್. ಹೈ-ಹ್ಯಾಟ್ ಪಕ್ಕದ ಕೊಳವೆಗೆ ಕೇಬಲ್ ಟೈನಲ್ಲಿ ಕಟ್ಟಿದ್ದೇನೆ. ದೊಡ್ಡ ಎಂಟರ್ ಒತ್ತಿದರೆ ರೆಕಾರ್ಡ್, ಸೊನ್ನೆ ಒತ್ತಿದರೆ ಟೇಕ್ ಅಳಿಸಿ ಶುರುವಿಗೆ ವಾಪಸ್, ಐದು ಒತ್ತಿದರೆ "ಇಲ್ಲಿ ಚೆನ್ನಾಗಿತ್ತು" ಅನ್ನುವ ಮಾರ್ಕರ್. ಸ್ಟಿಕ್ ಹಿಡಿದ ಕೈಯ ಕಿರುಬೆರಳಿನಲ್ಲೇ ಒತ್ತುತ್ತೇನೆ. ಮಾಡ್ಯೂಲ್ ಮತ್ತು ಇಂಟರ್‌ಫೇಸಿಗೆ ಒಂದು ಸಣ್ಣ ಯುಪಿಎಸ್ ಇದೆ. ಅದಿಲ್ಲದೆ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಉಳಿಯುತ್ತದೆ, ಮಾಡ್ಯೂಲ್ ಉಳಿಯುವುದಿಲ್ಲ, ನಾಲ್ಕನೇ ನಿಮಿಷದ ಒಳ್ಳೆ ಟೇಕೂ ಅದರ ಜೊತೆ ಹೋಗುತ್ತದೆ.

ಟೇಕ್ ಮೂರಕ್ಕಿಂತ ಹೆಚ್ಚು ಇಡುವುದಿಲ್ಲ. ಕ್ವಾಂಟೈಸ್ (ಹೊಡೆತಗಳನ್ನು ಲೆಕ್ಕದ ಜಾಗಕ್ಕೆ ಎಳೆದು ಕೂರಿಸುವುದು) ಮೊದಮೊದಲು ನೂರಕ್ಕೆ ನೂರು ಮಾಡುತ್ತಿದ್ದೆ. 6/8ರ ಹಾಡೊಂದು ಹೊಲಿಗೆ ಯಂತ್ರದಂತೆ ಕೇಳಿಸಿದ ಮೇಲೆ ಬಿಟ್ಟೆ. ಈಗ ಎಡವಿದ ಕಿಕ್‌ಗಳನ್ನು ಮಾತ್ರ, ಅದೂ ಮೂವತ್ತು ನಲವತ್ತು ಪರ್ಸೆಂಟ್ ಎಳೆಯುತ್ತೇನೆ.

ಕಳಿಸುವಾಗ ಎಲ್ಲ ಟ್ರ್ಯಾಕ್‌ಗಳೂ ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗಬೇಕು, ಶುರುವಿನಲ್ಲಿ ಬರೀ ಮೌನವಿದ್ದರೂ ಸರಿ. ಒಮ್ಮೆ ಮೌನವನ್ನೆಲ್ಲ ಕತ್ತರಿಸಿ ನೀಟಾಗಿ ಕಳಿಸಿದ್ದೆ. ಮೈಸೂರಿನ ಸಂಗೀತ ನಿರ್ದೇಶಕರು ಫೋನ್ ಮಾಡಿ, "ಏನು ಸಾರ್, ಕಿಕ್ಕೊಂದೂರು ಸ್ನೇರೊಂದೂರು!" ಅಂದರು. 24 ಬಿಟ್ ವೇವ್ ಫೈಲ್, ಹೆಸರಿನಲ್ಲೇ ಟೆಂಪೋ, ಜೊತೆಗೆ ಮಿಡಿ ಫೈಲ್. ಅವರಿಗೆ ನನ್ನ ಸ್ನೇರ್ ಬೇಡವೆನಿಸಿದರೆ ಬದಲಿಸಿಕೊಳ್ಳಲಿ.

ಸ್ಟಿಕ್ಕಿನ ಬದಲು ತಂತಿಯ ಬ್ರಶ್‌ನಲ್ಲಿ ನುಡಿಸುವ ಹಾಡುಗಳನ್ನು ಮಾತ್ರ ಮನೆಯಲ್ಲಿ ಮಾಡುವುದಿಲ್ಲ. ಮೆಶ್ ಮೇಲೆ ಬ್ರಶ್ ಉಜ್ಜಿದರೆ ನನ್ನ ಪ್ಯಾಡಿಗೆ ಏನೂ ಅರ್ಥವಾಗುವುದಿಲ್ಲ. ಹೋದ ತಿಂಗಳು ಅಂಥದ್ದೊಂದು ಬಂತು. ನಿಜವಾದ ಡ್ರಮ್ಸ್ ಇರುವ ಸ್ಟುಡಿಯೋದಲ್ಲಿ ಎರಡು ಗಂಟೆ ಬಾಡಿಗೆಗೆ ಹಿಡಿದೆ. ಮೈಕ್ ಹೊಂದಿಸುವುದರಲ್ಲೇ ಒಂದೂವರೆ ಗಂಟೆ ಹೋಯಿತು.