ಎರಡು ಸಲ ಪಿಸ್ಟನ್ ಹಿಡಿದ ವಿಜಯ್ ಸೂಪರ್ ಗಿರಿ ಹತ್ತಿ ಇಳಿಯಿತು

ಕಳೆದ ನವೆಂಬರ್‌ನ ಒಂದು ಭಾನುವಾರ ನನ್ನ ಹಳೆಯ ವಿಜಯ್ ಸೂಪರ್ ಸ್ಕೂಟರ್ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಪಕ್ಕದ ಸೀತಾಳಯ್ಯನಗಿರಿಯವರೆಗೆ ಎಲ್ಲಿಯೂ ನಿಲ್ಲದೆ ಹತ್ತಿ, ಹತ್ತಿದಷ್ಟೇ ಸಲೀಸಾಗಿ ಇಳಿದು ಬಂದಿತು. ಇದನ್ನು ಬರೆಯುವುದಕ್ಕೆ ಕಾರಣವಿದೆ. ಊರಿನ ಮೂವರು ಮೆಕ್ಯಾನಿಕ್‌ಗಳು ಈ ಎಂಜಿನ್ ಗುಜರಿಗೆ ಸರಿ ಎಂದಿದ್ದರು. ಅವರಲ್ಲಿ ಹಿರಿಯರು, "ಇದನ್ನು ಮಾರಿ ಒಂದು ಚೇತಕ್ ತೆಗೆದುಕೊಳ್ಳಿ, ನೆಮ್ಮದಿಯಾಗಿರಿ" ಎಂದು ಬುದ್ಧಿ ಹೇಳಿದ್ದರು.

ಎಂಜಿನ್ ಬಿಚ್ಚಿ ಜೋಡಿಸಿದ್ದನ್ನು ವಿವರಿಸುವುದಿಲ್ಲ, ಕೈ ಹಾಕಿದವರಿಗೆಲ್ಲ ಗೊತ್ತಿರುವುದೇ. ಲ್ಯಾಂಬ್ರೆಟಾ ಸ್ಕೂಟರ್ ತಯಾರಿಸುತ್ತಿದ್ದ ಇಟಲಿಯ ಇನೊಚೆಂಟಿ ಕಾರ್ಖಾನೆಯ ಯಂತ್ರಗಳನ್ನೇ 1970ರ ದಶಕದಲ್ಲಿ ಲಖನೌಗೆ ತಂದು ತಯಾರಿಸಿದ ಗಾಡಿ ಇದು. ಹಾಗಾಗಿ ಲ್ಯಾಂಬ್ರೆಟಾ ಜಿಪಿಯ ಭಾಗಗಳು ಹೆಚ್ಚುಕಡಿಮೆ ಎಲ್ಲವೂ ಕೂಡುತ್ತವೆ. ಕನೆಕ್ಟಿಂಗ್ ರಾಡ್, ಬೇರಿಂಗ್, ಆಯಿಲ್ ಸೀಲ್, ಪಿಸ್ಟನ್ ಕಿಟ್, ಲೇತ್ ಕೆಲಸ ಎಲ್ಲ ಸೇರಿ ಒಂಬತ್ತೂವರೆ ಸಾವಿರದ ಹತ್ತಿರ ಆಯಿತು. ಗಾಡಿ ಎರಡನೆಯ ಕಿಕ್‌ಗೆ ಹೊತ್ತಿಕೊಂಡಿತು. ನಿಜವಾದ ಪರೀಕ್ಷೆ ಶುರುವಾದದ್ದು ಅದರ ನಂತರ.

ಮೊದಲ ವಾರವೇ ಗಿರಿಯ ಕಡೆ ತಿರುಗಿಸಿದೆ. ಕೈಮರ ದಾಟಿ ಸ್ವಲ್ಪ ಮೇಲೇರುವಷ್ಟರಲ್ಲಿ ಗಾಡಿ ಗುಡುಗುಡು ಎಂದು ಉಸಿರುಗಟ್ಟಿತು. ಪ್ಲಗ್ ಬಿಚ್ಚಿದರೆ ಮಸಿ. ಪೆಟ್ರೋಲ್ ಹೆಚ್ಚಾಗುತ್ತಿದೆ ಎಂದು ರಸ್ತೆಯ ಬದಿಯಲ್ಲಿಯೇ ಮೇನ್ ಜೆಟ್, ಅಂದರೆ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತಿರುಪು, ಎರಡು ನಂಬರ್ ಇಳಿಸಿದೆ, ಗಾಡಿ ಹೂವಿನಂತಾಯಿತು. ಅಲ್ಲಿಂದಲೇ ಹಿಂದಿರುಗಿದೆ. ಮಾರನೆಯ ದಿನ ಅದೇ ಜೆಟ್‌ನಲ್ಲಿ ಕಡೂರು ರಸ್ತೆ ಹಿಡಿದು, ಸಖರಾಯಪಟ್ಟಣ ದಾಟಿದ ಮೇಲೆ ನಾಲ್ಕನೆಯ ಗೇರ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಎರಡು ಮೂರು ನಿಮಿಷವಿರಬೇಕು. ಎಂಜಿನ್ನಿನ ದನಿ ಒಮ್ಮೆಲೇ ಮಂಕಾಯಿತು, ಯಾರೋ ಹಿಂದಿನಿಂದ ಹಿಡಿದೆಳೆದಂತಾಯಿತು, ಹಿಂದಿನ ಚಕ್ರ ಕಿರ್ರೆಂದು ನಿಂತಿತು. ಪಿಸ್ಟನ್ ಬಿಸಿಗೆ ಹಿಗ್ಗಿ ಸಿಲಿಂಡರಿನಲ್ಲಿ ಸಿಕ್ಕಿಕೊಂಡಿತ್ತು, ಪಿಸ್ಟನ್ ಹಿಡಿಯುವುದು ಎಂದರೆ ಇದೇ. ಎಡಗೈಯ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೆ ಇಡುವ ಅಭ್ಯಾಸ ಇದ್ದುದರಿಂದ ಬೀಳದೆ ಉಳಿದೆ.

ತಪ್ಪು ನನ್ನದೇ. ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್, ನಮ್ಮ ಊರು 1,090ರ ಆಸುಪಾಸು, ಕಡೂರು ಅದಕ್ಕಿಂತ ಇನ್ನೂ 300 ಮೀಟರ್ ಕೆಳಗೆ. ಮೇಲಿನ ತೆಳುಗಾಳಿಗೆ ಹೊಂದಿಸಿದ ಜೆಟ್ ಬಯಲಿನ ದಪ್ಪ ಗಾಳಿಗೆ ಪೆಟ್ರೋಲ್ ಸಾಲದಂತೆ ಮಾಡಿತು, ಎಂಜಿನ್ ಕಾದುಹೋಯಿತು. ಎಥೆನಾಲ್ ಬೆರೆತ ಈಗಿನ ಪೆಟ್ರೋಲ್ ಆ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬಿಚ್ಚಿದಾಗ ಎಗ್ಸಾಸ್ಟ್ ಪೋರ್ಟಿನ ಕಡೆ ಸಿಲಿಂಡರ್‌ಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಬೂದುಬಣ್ಣದ ಗೀರುಗಳಾಗಿ ಅಂಟಿತ್ತು. ಕಾಸ್ಟಿಕ್ ಸೋಡಾ ನೀರನ್ನು ಬಟ್ಟೆಯ ತುಂಡಿನಿಂದ ಸವರಿದರೆ ಅಲ್ಯೂಮಿನಿಯಂ ನೊರೆಯಾಗಿ ಕರಗುತ್ತದೆ, ಸಿಲಿಂಡರಿನ ಬೀಡು ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಕೈಗವಸು, ಕನ್ನಡಕ ಇಲ್ಲದೆ ಮಾತ್ರ ಮಾಡಬೇಡಿ. ಬೋರ್, ಅಂದರೆ ಸಿಲಿಂಡರಿನ ಒಳಮೈ, ಉಳಿಯಿತು, ಪಿಸ್ಟನ್ ಮತ್ತು ರಿಂಗ್‌ಗೆ ಎರಡು ಸಾವಿರದ ಎಂಟುನೂರು ಹೋಯಿತು.

ಎರಡನೆಯ ಸಲ ಬೇಲೂರು ರಸ್ತೆಯಲ್ಲಿ. ಜೆಟ್ ಸರಿಯಾಗಿತ್ತು, ವೇಗ ನಲವತ್ತನ್ನು ದಾಟಿರಲಿಲ್ಲ. ಆದರೂ ಹಿಡಿಯಿತು. ಈ ಬಾರಿ ಸಿಲಿಂಡರಿನ ಒಳಮೈ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಲೇಬೇಕಾಯಿತು, ಮತ್ತೆ ನಾಲ್ಕು ಸಾವಿರ. ಗುಜರಿ ಎಂಬ ಮಾತು ಬಂದದ್ದು ಆಗಲೇ. ಆ ವಾರ ನಿದ್ದೆ ಹತ್ತಲಿಲ್ಲ. ಯೋಚಿಸುತ್ತಾ ಮಲಗಿದ್ದಾಗ ಒಂದು ಸಂಗತಿ ನೆನಪಾಯಿತು. ಥ್ರಾಟಲ್ ಬಿಟ್ಟರೂ ಎಂಜಿನ್ ಒಂದೆರಡು ಕ್ಷಣ ಕೂಗುತ್ತಲೇ ಇದ್ದು ಆಮೇಲೆ ಇಳಿಯುತ್ತಿತ್ತು. ಕೇಬಲ್ ಬಿಗಿ ಎಂದುಕೊಂಡು ಅದನ್ನು ಕಡೆಗಣಿಸಿದ್ದೆ. ಎಲ್ಲಿಂದಲೋ ಹೊರಗಿನ ಗಾಳಿ ಎಂಜಿನ್ನಿನೊಳಗೆ ನುಗ್ಗಿ, ಜೆಟ್ ಸರಿಯಿದ್ದರೂ ಪೆಟ್ರೋಲ್ ಸಾಲದಂತೆ ಮಾಡುತ್ತಿತ್ತು.

ಆ ಸೋರಿಕೆಯನ್ನು ಹುಡುಕಲು ಹಳೆಯ ಬಿ.ಪಿ. ಯಂತ್ರವೊಂದನ್ನು ಮುನ್ನೂರು ರೂಪಾಯಿಗೆ ತಂದೆ. ಎಗ್ಸಾಸ್ಟ್ ಮತ್ತು ಕಾರ್ಬೊರೇಟರ್ ಬಾಯಿಗಳನ್ನು ಸೈಕಲ್ ಟ್ಯೂಬಿನ ತುಂಡು, ತಗಡು ಇಟ್ಟು ಮುಚ್ಚಿದೆ. ಪ್ಲಗ್ ತೂತಿನಿಂದ ಗಾಳಿ ಒತ್ತಿ ಮುಳ್ಳನ್ನು 300ಕ್ಕೆ ತಂದೆ, ಅಂದರೆ ಆರು ಪೌಂಡಿಗೆ ತುಸು ಕಡಿಮೆ. ಐದಾರು ನಿಮಿಷ ಮುಳ್ಳು ಅಲುಗಬಾರದು. ನನ್ನದು ಒಂದು ನಿಮಿಷದಲ್ಲಿ ನೂರಕ್ಕೆ ಬಿತ್ತು. ಗೇರ್ ಆಯಿಲ್ ತೂತಿಗೆ ಕಿವಿ ಕೊಟ್ಟೆ, ಆ ಕಡೆ ಸದ್ದಿಲ್ಲ. ಫ್ಲೈವೀಲ್ ತೆಗೆದು ಸಾಬೂನು ನೊರೆ ಹಚ್ಚಿದಾಗ ಅದರ ಹಿಂದೆ ಎಂಜಿನ್ನಿನ ಬದಿಯನ್ನು ಮುಚ್ಚುವ ಮ್ಯಾಗ್ನೆಟೋ ಫ್ಲ್ಯಾಂಜಿನ ಕೆಳ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಎರಡನೆಯ ಸಲ ನಾಲ್ಕು ಸಾವಿರ ತಿಂದದ್ದು ಆ ಗುಳ್ಳೆ. ಆ ಅಂಚನ್ನು ಸಮ ಮಾಡಿ ಗ್ಯಾಸ್ಕೆಟ್‌ಗೆ ನಾನು ಹಚ್ಚಿದ್ದೇನು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಕಲಿಯಲು ನಾಲ್ಕು ಗ್ಯಾಸ್ಕೆಟ್ ಹಾಳು ಮಾಡಿದ್ದೇನೆ. ಮಾರನೆಯ ಬೆಳಿಗ್ಗೆ ಮುಳ್ಳು ಹತ್ತು ನಿಮಿಷ ಅಲ್ಲಾಡದೆ ನಿಂತಿತು.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸಿಲಿಂಡರ್ ಮುಚ್ಚುವ ತಗಡಿನ ಕವಚವನ್ನು ಬಿಚ್ಚಿದರೆ ಗಾಳಿ ಚೆನ್ನಾಗಿ ತಾಗುತ್ತದೆ ಎಂದು ಕೆಲವರು ಅದನ್ನು ಹಾಕುವುದೇ ಇಲ್ಲ. ಪ್ಲಗ್ ಅಡಿಯಲ್ಲಿ ತಾಪಮಾಪಕದ ಉಂಗುರ ಕೂರಿಸಿ ಎರಡೂ ರೀತಿ ಓಡಿಸಿ ನೋಡಿದೆ. ಕವಚವಿಲ್ಲದಾಗ ಮೂವತ್ತು ಡಿಗ್ರಿಯಷ್ಟು ಹೆಚ್ಚು ಬಿಸಿ. ಫ್ಯಾನಿನ ಗಾಳಿಯನ್ನು ಸಿಲಿಂಡರಿನ ಮೇಲಿನ ರೆಕ್ಕೆಗಳ ನಡುವೆ ಹಾಯಿಸುವುದೇ ಆ ಕವಚ, ದಯವಿಟ್ಟು ಎಸೆಯಬೇಡಿ.

ಹೊಸ ಪಿಸ್ಟನ್ ಪಳಗಲು ಸಾವಿರ ಕಿಲೋಮೀಟರ್ ಮೂವತ್ತರ ವೇಗದಲ್ಲೇ ಓಡಿಸಿ ಎಂಬ ಸಲಹೆಯನ್ನೂ ಕೇಳಲಿಲ್ಲ. ಹತ್ತು ನಿಮಿಷ ಓಡಿಸುವುದು, ಹೆಡ್ ಮೇಲೆ ಅಂಗೈ ಇಡುವಷ್ಟು ಪೂರ್ತಿ ಆರಲು ಬಿಡುವುದು. ಹೀಗೆ ಮೂರು ಸಲ. ಆರಿದ ಮೇಲೆ ಹೆಡ್ ನಟ್ ಮತ್ತೆ ಬಿಗಿ ಮಾಡಿ ಐದು ಕಿಲೋಮೀಟರ್, ಹತ್ತು, ಇಪ್ಪತ್ತು. ಒಂದೇ ವೇಗದಲ್ಲಿ ಎಂದೂ ಓಡಿಸಲಿಲ್ಲ. ಸಣ್ಣ ಏರಿನಲ್ಲಿ ಅರ್ಧ ಥ್ರಾಟಲ್ ಕೊಟ್ಟು ಬಿಡುವುದು, ಮತ್ತೆ ಕೊಡುವುದು. ಪಿಸ್ಟನ್ ರಿಂಗ್ ಸಿಲಿಂಡರಿಗೆ ಹೊಂದಿ ಕೂರಲು ಎಂಜಿನ್ ಮೇಲೆ ಭಾರ ಬೀಳಬೇಕು. ಜೆಟ್ಟನ್ನು ಕಡೂರು ಬಯಲಿನಲ್ಲಿಯೇ ಹೊಂದಿಸಿದೆ, ಪ್ಲಗ್ ಒಣಗಿದ ಅಡಿಕೆ ಸಿಪ್ಪೆಯ ಬಣ್ಣಕ್ಕೆ ಬಂದ ಮೇಲೆ ಅದನ್ನು ಮುಟ್ಟಲಿಲ್ಲ.

ಗಿರಿಯಲ್ಲಿ ನನಗೆ ಭಯವಿದ್ದದ್ದು ಏರಿನದಲ್ಲ. ಎರಡನೆಯ ಗೇರ್‌ನಲ್ಲಿ ಸ್ವಲ್ಪ ಹೊಗೆಯುಗುಳುತ್ತಾ ಹತ್ತಿತು, ಮೇಲೆ ಪ್ಲಗ್ ತುಸು ಕಪ್ಪಾಗಿತ್ತು, ಆಗಲಿ. ಭಯ ಇಳಿಜಾರಿನದು. ಈ ಟೂ-ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಹೋಗುತ್ತದೆ, ಇಳಿಯುವಾಗ ಥ್ರಾಟಲ್ ಮುಚ್ಚಿದರೆ ಪೆಟ್ರೋಲ್ ಜೊತೆಗೆ ಆಯಿಲ್ ಕೂಡ ಬಹುಪಾಲು ನಿಲ್ಲುತ್ತದೆ, ಚಕ್ರ ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ತಿರುವಿಗೂ ಮೊದಲು ಕ್ಲಚ್ ಹಿಡಿದು ಒಂದು ಸಲ ರೇಸ್ ಮಾಡುತ್ತಾ ಇಳಿದೆ. ಕೈಮರಕ್ಕೆ ಬಂದು ನಿಲ್ಲಿಸಿದಾಗ ಎಂಜಿನ್ ತಟಕ್ಕನೆ ತಗ್ಗಿ ಹದವಾದ ಐಡಲ್‌ನಲ್ಲಿ ನಿಂತಿತು. ಆ ಸದ್ದನ್ನು ಐದು ನಿಮಿಷ ಕೇಳುತ್ತಾ ಅಲ್ಲಿಯೇ ಕುಳಿತಿದ್ದೆ.

ಈಗ ಸಾವಿರದ ನಾನೂರು ಕಿಲೋಮೀಟರ್ ದಾಟಿದೆ. ಚೇತಕ್ ಕೊಳ್ಳಿ ಎಂದಿದ್ದ ಹಿರಿಯ ಮೆಕ್ಯಾನಿಕ್ ಬಿ.ಪಿ. ಯಂತ್ರವನ್ನು ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಮುಂದಿನ ತಿಂಗಳು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯಬೇಕೆಂದಿದ್ದೇನೆ. ಘಟ್ಟದ ಕೆಳಗೆ ಗಾಳಿ ಇನ್ನೂ ದಪ್ಪ, ಒಂದು ನಂಬರ್ ದೊಡ್ಡ ಜೆಟ್ಟನ್ನು ಈಗಲೇ ಟೂಲ್ ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ.