ಅಡುಗೆಮನೆ ಕಬೋರ್ಡಿಗೆ ಬಣ್ಣ: ಡಬ್ಬ ತೆರೆಯೋ ಮುಂಚಿನ ಕೆಲಸಾನೇ ಜಾಸ್ತಿ

ಹದಿನೈದು ಇಪ್ಪತ್ತು ವರ್ಷದ ಹಿಂದೆ ಕಟ್ಟಿಸಿದ ಮನೆಗಳ ಅಡುಗೆಮನೆ ನೋಡಿ, ತುಂಬಾ ಕಡೆ ಅದೇ ಕಂದು ಸನ್‌ಮೈಕಾ, ಮೇಲೆ ಕಪ್ಪು ಗ್ರಾನೈಟ್, ಗೋಡೆಗೆ ಕೆನೆಬಣ್ಣದ ಟೈಲ್ಸ್. ಪ್ಲೈವುಡ್ ಇನ್ನೂ ಗಟ್ಟಿ ಇರತ್ತೆ, ಹಿಂಜೂ ಸರಿಯಾಗೇ ಇರತ್ತೆ, ಆದರೂ ಒಳಗೆ ಕಾಲಿಟ್ರೆ ಮಂಕು ಅನ್ಸತ್ತೆ. ಅದನ್ನ ಕಿತ್ತು ಹೊಸದು ಹಾಕಿಸಬೇಕಾಗಿಲ್ಲ, ಶಟರಿಗೆ, ಅಂದ್ರೆ ಕಬೋರ್ಡ್ ಬಾಗಿಲಿಗೆ, ಬಣ್ಣ ಹೊಡೆದ್ರೆ ಸಾಕು, ಒಂದು ವಾರದ ಕೆಲಸ. ನಮ್ಮನೇಲಿ ಎರಡು ಸಲ ಮಾಡಿದೀವಿ. ಮೊದಲ ಸಲ ಹೊಡೆದಿದ್ದು ಒಲೆ ಪಕ್ಕದ ಎರಡು ಬಾಗಿಲಲ್ಲಿ ನಾಲ್ಕೇ ತಿಂಗಳಿಗೆ ಹಾಲಿನ ಕೆನೆ ಥರ ಎದ್ದು ಬಂತು, ಯಾಕಂದ್ರೆ ಒಗ್ಗರಣೆ ಜಿಡ್ಡು ಪೂರ್ತಿ ಹೋಗಿರಲಿಲ್ಲ. ಎರಡನೇ ಸಲ ತೊಳೆಯೋಕೇ ಒಂದೂವರೆ ದಿನ ಕೊಟ್ವಿ, ಈಗ ಐದನೇ ವರ್ಷ, ಎಲ್ಲೂ ಎದ್ದಿಲ್ಲ.

ಮೊದಲು ಬಣ್ಣ ಆರಿಸೋದು. ಇದನ್ನ ಅಂಗಡೀಲಿ ನಿಂತು ಮಾಡಬೇಡಿ. ಇಷ್ಟವಾದ ಎರಡು ಮೂರು ಬಣ್ಣದ ಸಣ್ಣ ಡಬ್ಬ ತಂದು ದಪ್ಪ ರಟ್ಟಿಗೆ ಹಚ್ಚಿ, ಆ ರಟ್ಟನ್ನ ಗ್ರಾನೈಟ್ ಕೆಳಗೆ ಒರಗಿಸಿಟ್ಟು ಎರಡು ದಿನ ನೋಡ್ತಾ ಇರಿ, ಬೆಳಿಗ್ಗೆ ಕಾಫಿ ಹೊತ್ತಲ್ಲಿ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಲೈಟ್ ಹಾಕಿದ್ಮೇಲೆ ಒಂದು ಸಲ. 6500 ಕೆಲ್ವಿನ್ ಬಿಳಿ ಎಲ್‌ಇಡಿ ಕೆಳಗೆ ಬೂದು ಬಣ್ಣ ನೀಲಿ ಕಡೆ ವಾಲತ್ತೆ, 3000 ಕೆಲ್ವಿನ್ ಹಳದಿ ಬೆಳಕಲ್ಲಿ ಅದೇ ಬೂದು ಮಣ್ಣುಬಣ್ಣ ಆಗಿ ಕಾಣತ್ತೆ. ನಮ್ಮಲ್ಲಿ ಸುಮಾರು ಅಡುಗೆಮನೆಗೆ ಒಂದೇ ಕಿಟಕಿ, ಅದಕ್ಕೇ ನನ್ನ ಅಭಿಪ್ರಾಯ ಏನಂದ್ರೆ ಗಾಢ ಬಣ್ಣ ಕೆಳಗಿನ ಶಟರಿಗೆ ಮಾತ್ರ ಇರಲಿ, ಮೇಲಿನ ಸಾಲಿಗೆ ಕೆನೆಬಣ್ಣ ಅಥವಾ ತಿಳಿಬೂದು. ಕಪ್ಪು ಗ್ರಾನೈಟ್ ಕೆಳಗೆ ಎಲೆಹಸಿರು ತುಂಬಾ ಚೆನ್ನಾಗಿ ಕೂರತ್ತೆ, ಸಾಸಿವೆ ಹಳದೀನೂ ಒಪ್ಪತ್ತೆ. ಹಳೇ ಮನೆ ರೆಡ್ ಆಕ್ಸೈಡ್ ನೆಲ ಇದ್ರಂತೂ ಹಸಿರು ಬಿಟ್ಟು ಬೇರೆ ಯೋಚನೆ ಬೇಡ, ಆ ಕೆಂಪಿನ ಪಕ್ಕ ಹಸಿರು ನೋಡೋಕೇ ಒಂದು ಖುಷಿ. ಕೆಳಗೆ ಅಚ್ಚಬಿಳಿ ಮಾತ್ರ ಹೊಡೀಬೇಡಿ, ಅರಿಶಿನದ ಕೈ ಒಂದು ಸಲ ತಾಗಿದ್ರೆ ಸಾಕು.

ಆಮೇಲೆ ಶಟರ್ ಯಾವುದರದ್ದು ಅಂತ ತಿಳ್ಕೊಳ್ಳಿ. ಮರ, ಪ್ಲೈವುಡ್ ಮೇಲೆ ಸನ್‌ಮೈಕಾ ಆದ್ರೆ ಮುಂದುವರೀಬಹುದು. ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ (ಮರದ ನಾರು, ಚೂರು ಒತ್ತಿ ಮಾಡಿದ ಹಲಗೆ) ಆದ್ರೆ ನೀರು ಸುರೀಬೇಡಿ, ಅಂಚು ಊದ್ಕೊಳ್ಳತ್ತೆ, ಹಿಂಡಿದ ಬಟ್ಟೇಲಿ ಒರೆಸಿ ಅಷ್ಟೆ. ಪ್ಲಾಸ್ಟಿಕ್ ಹಾಳೆ ಅಂಟಿಸಿದ ಶಟರ್ ಆಗಿದ್ದು ಹಾಳೆ ಎದ್ದಿದ್ರೆ ಅದರ ಮೇಲೆ ಬಣ್ಣ ಹೊಡೆದು ಪ್ರಯೋಜನ ಇಲ್ಲ, ಹಾಳೆ ಪೂರ್ತಿ ಕೀಳಲೇಬೇಕು.

ಇನ್ನು ಮುಖ್ಯವಾದ ಕೆಲಸ. ಶಟರ್ ಎಲ್ಲಾ ಬಿಚ್ಚಿ, ಹಿಂಜ್ ಕೂರೋ ಗುಂಡಿಯೊಳಗೆ ನಂಬರ್ ಬರೆದು ಮೇಲೆ ಟೇಪ್ ಹಾಕಿ, ಇಲ್ಲಾಂದ್ರೆ ವಾಪಸ್ ಕೂರಿಸುವಾಗ ಯಾವ ಬಾಗಿಲು ಯಾವುದರದ್ದು ಅಂತಾನೇ ಗೊತ್ತಾಗಲ್ಲ. ಸ್ಕ್ರೂಗಳನ್ನ ಅದೇ ನಂಬರಿನ ಕವರಲ್ಲಿ ಹಾಕಿಡಿ. ಪಾತ್ರೆ ತೊಳೆಯೋ ಲಿಕ್ವಿಡ್ ಬಿಸಿನೀರಿಗೆ ಹಾಕಿ ಒಂದು ಸುತ್ತು ಉಜ್ಜಿ, ಒಲೆ ಮತ್ತೆ ಚಿಮಣಿ ಸುತ್ತಮುತ್ತ ಇರೋದಕ್ಕೆ ವಾಷಿಂಗ್ ಸೋಡಾ ನೀರಲ್ಲಿ ಇನ್ನೊಂದು ಸುತ್ತು, ಕೈಗೆ ಗ್ಲೌಸ್ ಹಾಕ್ಕೊಂಡೇ ಮಾಡಿ. ಹ್ಯಾಂಡಲ್ ಇದ್ದ ಜಾಗ ಮರೀಬೇಡಿ, ಅಲ್ಲೇ ಕೈ ಎಣ್ಣೆ ಜಾಸ್ತಿ ಕೂತಿರತ್ತೆ. ಕೊನೇಲಿ ಬರೀ ನೀರಲ್ಲಿ ಎರಡು ಸಲ ಒರೆಸಿ, ಸೋಪು ಉಳಿದ್ರೂ ಬಣ್ಣ ಹಿಡಿಯಲ್ಲ. ಪರೀಕ್ಷೆ ಸುಲಭ, ಒಣಗಿದ್ಮೇಲೆ ನಾಲ್ಕು ಹನಿ ನೀರು ಹಾಕಿ, ಮುತ್ತಿನ ಥರ ಗುಂಡಾಗಿ ನಿಂತ್ರೆ ಜಿಡ್ಡು ಇದೆ ಅಂತ ಅನುಮಾನ ಪಡಿ, ಮತ್ತೆ ಉಜ್ಜಿ.

ಒಂದು ದಿನ ಒಣಗಿದ್ಮೇಲೆ 180 ನಂಬರ್ ಸ್ಯಾಂಡ್‌ಪೇಪರಲ್ಲಿ ತಿಕ್ಕಿ. ಸನ್‌ಮೈಕಾದ ಹೊಳಪು ಹೋಗಿ ಮಬ್ಬಾದ್ರೆ ಸಾಕು, ಡಿಸೈನ್ ಸವೆಯೋವರೆಗೂ ತಿಕ್ಕೋದು ಬೇಡ. ಹಳೇ ಮನೆ ಮರದ ಬಾಗಿಲಿಗೆ ಮುಂಚೆ ಹೊಡೆದ ಆಯಿಲ್ ಪೇಂಟ್ ಇದ್ರೆ ಎಚ್ಚರ. ನಮ್ಮ ದೇಶದಲ್ಲಿ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಅಂಥದ್ದನ್ನ ಒಣಗಿದ ಹಾಗೇ ತಿಕ್ಕಿ ಧೂಳೆಬ್ಬಿಸಬೇಡಿ, ವಾಟರ್ ಪೇಪರ್ ತಂದು ಒದ್ದೆ ಮಾಡಿ ತಿಕ್ಕಿ, ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳು, ಬಸುರಿ ಹೆಂಗಸರು ಆ ಕಡೆ ಬರೋದೇ ಬೇಡ.

ತಿಕ್ಕಿದ್ಮೇಲೆ, ಬಣ್ಣಕ್ಕೂ ಮುಂಚೆ ಹಚ್ಚೋದು ಪ್ರೈಮರ್. ಅಂಗಡೀಲಿ ಅದನ್ನ ಕೇಳುವಾಗ ಸನ್‌ಮೈಕಾ ಮೇಲೆ ಹಿಡಿಯೋದೇ ಬೇಕು ಅಂತ ಹೇಳಿ, ಮಾಮೂಲಿ ವುಡ್ ಪ್ರೈಮರ್ ಅದರ ಮೇಲೆ ನಿಲ್ಲಲ್ಲ. ಬಣ್ಣಕ್ಕೆ ನಾನು ವಾಟರ್ ಬೇಸ್ ಎನಾಮೆಲ್ ತಗೊಳ್ಳಿ ಅಂತೀನಿ, ವಾಸನೆ ಕಮ್ಮಿ, ಬೇಗ ಒಣಗತ್ತೆ, ಮತ್ತೆ ಆಯಿಲ್ ಎನಾಮೆಲ್‌ನ ಬಿಳಿ ವರ್ಷ ಕಳೆದ ಹಾಗೆ ಹಳದಿ ತಿರುಗತ್ತಲ್ಲ, ಆ ಸಮಸ್ಯೆ ಇದರಲ್ಲಿ ಕಮ್ಮಿ. ಫಿನಿಶ್ ಸ್ಯಾಟಿನ್, ಅಂದ್ರೆ ಹದವಾದ ಹೊಳಪಿಂದು, ಇರಲಿ, ಒರೆಸೋಕೆ ಸುಲಭ. ಆಯಿಲ್ ಪೇಂಟೇ ಹೊಡೀತೀವಿ ಅನ್ನೋರು, ಥಿನ್ನರ್ ಡಬ್ಬ ತೆರೆಯೋ ಮುಂಚೆ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆಗೆದಿಡಿ.

ಶಟರ್‌ಗಳನ್ನ ನೆರಳಲ್ಲಿ ಅಡ್ಡ ಮಲಗಿಸಿ, ಕೆಳಗೆ ನಾಲ್ಕು ಮೂಲೆಗೆ ಬಾಟಲಿ ಮುಚ್ಚಳ ಕೊಡಿ. ಬಿಸಿಲಲ್ಲಿ ಇಟ್ರೆ ಗುಳ್ಳೆ ಬರತ್ತೆ. ಅಂಚಿಗೆ ಬ್ರಷ್, ಉಳಿದಿದ್ದಕ್ಕೆ ನಾಲ್ಕಿಂಚಿನ ಫೋಮ್ ರೋಲರ್, ಒಂದೇ ಸಲ ದಪ್ಪಗೆ ಬಳಿಯೋದಕ್ಕಿಂತ ತೆಳ್ಳಗೆ ಎರಡು ಕೋಟ್, ಮಧ್ಯೆ 320 ನಂಬರ್ ಸ್ಯಾಂಡ್‌ಪೇಪರಲ್ಲಿ ಮೆತ್ತಗೆ ಒಂದು ಸಲ ಸವರಿ ಧೂಳು ಒರೆಸಿ. ಎಷ್ಟು ಹೊತ್ತು ಬಿಡಬೇಕು ಅಂತ ಡಬ್ಬದ ಮೇಲೇ ಬರೆದಿರತ್ತೆ, ಕರಾವಳಿ ಮಲೆನಾಡಲ್ಲಿ ಅದಕ್ಕಿಂತ ಜಾಸ್ತಿ ಬೇಕು, ಆಷಾಢದ ಮಳೇಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ.

ಮುಟ್ಟಿದ್ರೆ ಒಣಗಿದೆ ಅನ್ಸಿದ್ರೂ ಬಣ್ಣ ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು, ಅಲ್ಲೀವರೆಗೂ ಬಾಗಿಲು ಮೆಲ್ಲಗೆ ಹಾಕಿ, ಒದ್ದೆ ಬಟ್ಟೆ ಅದರ ಮೇಲೆ ನೇತುಹಾಕಬೇಡಿ. ಉಳಿದ ಬಣ್ಣಾನ ಸಣ್ಣ ಗಾಜಿನ ಬಾಟಲಿಗೆ ಬಿಗಿಯಾಗಿ ಮುಚ್ಚಿ, ಶೇಡ್ ನಂಬರ್ ಬರೆದು ಸಿಂಕ್ ಕೆಳಗೆ ಇಟ್ಕೊಳ್ಳಿ, ಕುಕ್ಕರ್ ತಾಗಿ ಎಲ್ಲಾದ್ರೂ ಚೂರು ಕಿತ್ತು ಹೋದಾಗ ಬೇಕಾಗತ್ತೆ.