ಪಟ್ಟಿಯಲ್ಲಿ ಅಪ್ಪ ಇರಲಿಲ್ಲ

ಹೋದ ಡಿಸೆಂಬರ್‌ನ ಒಂದು ಭಾನುವಾರ ರಾತ್ರಿ ನನ್ನ ಕೆಲಸದ ಪಟ್ಟಿಯನ್ನು ಎಣಿಸಿದೆ. 41 ಇತ್ತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುವುದು ನನ್ನ ರೂಢಿ. ಎಲ್‌ಐಸಿ ಕಂತು, ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲ್, ನೆಂಟರ ಗೃಹಪ್ರವೇಶಕ್ಕೆ ಸೀರೆ, ಅಪ್ಪನ ಬಿಪಿ ಮಾತ್ರೆ, ಟೈಲರ್ ಹತ್ತಿರ ಇರುವ ಬ್ಲೌಸು, ಸಂಘದ ಲೆಕ್ಕ, ಗೆಳತಿಗೆ ಮಾಡಿಕೊಡುತ್ತೇನೆ ಅಂದಿದ್ದ ಚಕ್ಕುಲಿ. ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತೇನೆ, ಅಲ್ಲಿ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರ ತನಕ ಸಿಗುವ ಬಿಡುವು ಅಂದರೆ ರೈಲಿನಲ್ಲಿ ಕೂತಷ್ಟು ಹೊತ್ತು, ಅದೂ ಸೀಟು ಸಿಕ್ಕರೆ.

ಮೊದಲು ನಾಲ್ಕು ಚೌಕದ ವಿಧಾನ ಮಾಡಿ ನೋಡಿದೆ, ಅಂದರೆ ಪ್ರತಿ ಕೆಲಸವೂ ತುರ್ತೋ ಅಲ್ಲವೋ, ಮುಖ್ಯವೋ ಅಲ್ಲವೋ ಅಂತ ನೋಡಿ ನಾಲ್ಕು ಚೌಕಗಳಲ್ಲಿ ಹಂಚುವುದು. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ, ತುರ್ತಿನ ಕೆಲಸ ಬೇರೆ ಮುಖ್ಯ ಕೆಲಸ ಬೇರೆ ಎಂಬ ಮಾತು ಹೇಳಿದ್ದರು. ಅದು ಕಾಲೇಜಿನ ಮುಖ್ಯಸ್ಥರೊಬ್ಬರ ಮಾತು ಅಂತ ಅವರೇ ಹೇಳಿದ್ದರು. ಚೌಕದ ವಿಧಾನ ಆಮೇಲೆ ಅದರ ಮೇಲೆ ಬೆಳೆದದ್ದು. ತುಂಬಾ ಜನಕ್ಕೆ ಉಪಯೋಗವಾಗಿದೆ, ನನಗೆ ಮಾತ್ರ ಆಗಿಬರಲಿಲ್ಲ. 41ರಲ್ಲಿ 33 ಕೆಲಸ ‘ಮುಖ್ಯ’ದ ಚೌಕಗಳಿಗೇ ಹೋಗಿ ಕೂತವು. ಯಾರಿಗೆ ಮುಖ್ಯ ಅಂತ ನಾನು ಕೇಳಿಕೊಂಡೇ ಇರಲಿಲ್ಲ.

ಹಾಗಾಗಿ ಪಟ್ಟಿ ಬದಿಗಿಟ್ಟು, ನನಗೆ ಏನು ಬೇಕು ಅಂತ ಬರೆಯಲು ಕೂತೆ. ಮೌಲ್ಯ ಅಂದ ತಕ್ಷಣ ಶಾಲೆಯ ಗೋಡೆ ಮೇಲಿನ ಸತ್ಯ, ಶಿಸ್ತು, ಪರಿಶ್ರಮ ನೆನಪಾಗುತ್ತವೆ, ಅಲ್ವಾ? ಅಂಥ ಪದ ಬರೆದರೆ ಪಟ್ಟಿಯ ಒಂದು ಸಾಲೂ ಅಳಿಯುವುದಿಲ್ಲ. ಅದಕ್ಕೆ ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದೆ. ಮಗಳು ಮಾತಾಡಲು ಬಂದಾಗ ನನ್ನ ಕೈಯಲ್ಲಿ ಫೋನು ಇರಬಾರದು. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಅಪ್ಪನ ಜೊತೆ ಕೂರಬೇಕು. ಮೂರೇ.

ಸ್ಟೀವನ್ ಹೇಯ್ಸ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಿಂದ ಬೆಳೆಸಿದ ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ ಎಂಬ ಮನೋಚಿಕಿತ್ಸೆಯಲ್ಲಿ ಗುರಿಯನ್ನೂ ಮೌಲ್ಯವನ್ನೂ ಬೇರೆ ಮಾಡಿ ನೋಡುತ್ತಾರೆ. ಗುರಿ ಮುಟ್ಟಿದರೆ ಮುಗಿಯಿತು, ಟಿಕ್ ಹಾಕಬಹುದು. ಮೌಲ್ಯ ದಿಕ್ಕಿದ್ದ ಹಾಗೆ, ಎಷ್ಟು ನಡೆದರೂ ಮುಗಿಯುವುದಿಲ್ಲ. ಇದನ್ನು ಓದಿದ್ದೆ, ಆದರೆ ಅರ್ಥವಾದದ್ದು ಆ ರಾತ್ರಿ ಫ್ರಿಜ್ ಮುಂದೆ ನಿಂತಾಗ. ಪಟ್ಟಿಯಲ್ಲಿ ಅಪ್ಪನ ಮಾತ್ರೆ ಇತ್ತು. ಅಪ್ಪ ಇರಲಿಲ್ಲ. ಮಾಡದಿದ್ದರೆ ಯಾರಾದರೂ ಕೇಳುತ್ತಾರೆ ಅನ್ನುವ ಕೆಲಸಗಳೆಲ್ಲ ಬಂದು ಸೇರಿಕೊಂಡಿದ್ದವು. ಅಪ್ಪ ಯಾವತ್ತೂ ಏನೂ ಕೇಳಿದವರಲ್ಲ.

ಆಮೇಲೆ ಕೆಂಪು ಪೆನ್ನು ಹಿಡಿದು ಒಂದೊಂದೇ ಸಾಲು ನೋಡಿದೆ. ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ? ಯಾವುದಕ್ಕೂ ಸೇರದಿದ್ದರೆ, ಬಿಟ್ಟರೆ ಏನಾಗುತ್ತದೆ? ಎಲ್‌ಐಸಿ ಕಂತು ಯಾವುದಕ್ಕೂ ಸೇರುವುದಿಲ್ಲ, ಆದರೆ ಬಿಡುವ ಹಾಗಿಲ್ಲ. ಬ್ಯಾಂಕಿನಿಂದ ತಾನಾಗಿ ಕಟ್ ಆಗುವ ಹಾಗೆ ಮಾಡಿದೆ. ಸೀರೆ ಹುಡುಕುತ್ತಾ ಅರ್ಧ ದಿನ ಅಲೆಯುವ ಬದಲು ಮುಯ್ಯಿ ಕವರಿನಲ್ಲಿ ಹಾಕಿ ಕೊಟ್ಟೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬ್ಲೌಸು ಸುಮ್ನೆ ಟೈಲರ್ ಹತ್ತಿರವೇ ಇರಲಿ ಅಂತ ಬಿಟ್ಟೆ.

ಕಷ್ಟವಾಗಿದ್ದು ‘ಕೊಟ್ಟ ಮಾತು’. ಪಟ್ಟಿಯಲ್ಲಿ ಹದಿನೈದು ಕೆಲಸ ಇದ್ದದ್ದೇ ನಾನು ಮಾತು ಕೊಟ್ಟಿದ್ದಕ್ಕೆ! ಚಕ್ಕುಲಿ, ಸಂಘದ ಲೆಕ್ಕ, ಪಕ್ಕದ ಮನೆಯವರ ಪ್ಯಾನ್ ಕಾರ್ಡ್ ತಿದ್ದುಪಡಿ. ಇವನ್ನು ಹೊಡೆದು ಹಾಕಿದರೆ ನಾನು ಬರೆದುಕೊಂಡದ್ದಕ್ಕೇ ಬೆಲೆ ಇರುವುದಿಲ್ಲ. ಅದಕ್ಕೆ ಒಂದೊಂದಕ್ಕೂ ದಿನ ಗೊತ್ತು ಮಾಡಿ ಮುಗಿಸಿದೆ, ಸಂಘದವರಿಗೆ ಮಾತ್ರ ಮಾರ್ಚ್ ಕೊನೆಯವರೆಗೆ ಬರೆದುಕೊಡುತ್ತೇನೆ, ಅಷ್ಟರಲ್ಲಿ ಇನ್ನೊಬ್ಬರಿಗೆ ಕಲಿಸುತ್ತೇನೆ ಅಂತ ಎದುರಿಗೇ ಕೂತು ಹೇಳಿದೆ. ಅವತ್ತಿನಿಂದ ಯಾರು ಏನು ಕೇಳಿದರೂ ‘ಆಯ್ತು’ ಅನ್ನುವ ಮೊದಲು ‘ನಾಳೆ ಹೇಳ್ತೀನಿ’ ಅನ್ನುತ್ತೇನೆ. ನನ್ನ ಮಟ್ಟಿಗೆ ಪಟ್ಟಿ ಜಾಸ್ತಿ ಕರಗಿದ್ದು ಇದೊಂದರಿಂದಲೇ. ಜನವರಿ ಹೊತ್ತಿಗೆ 14ಕ್ಕೆ ಬಂದಿತ್ತು.

ಒಂದು ಶನಿವಾರ ಮಧ್ಯಾಹ್ನ ಪಾಂಡವಪುರದ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾದರು.

“ಯಾಕವ್ವ, ಏನಾರ ಕೆಲ್ಸ ಇತ್ತಾ?”

“ಇಲ್ಲ ಕಣಪ್ಪ, ಸುಮ್ನೆ ಬಂದೆ.”

ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮೊರವನ್ನು ಇಬ್ಬರ ನಡುವೆ ಸರಿಸಿದರು. ನಾಲೆ ನೀರು, ಕಬ್ಬಿನ ಕಟಾವು, ಅಮ್ಮ ಇದ್ದಾಗ ಮಾಡುತ್ತಿದ್ದ ಹಿತಕಿದ ಬೇಳೆ ಸಾರು, ಹೀಗೇ ಏನೇನೋ ಮಾತಾಡಿದೆವು. ಕೈಗೆಲ್ಲ ಅವರೆ ಸೊಗಡು ಹತ್ತಿತ್ತು. ಸಂಜೆ ಬಸ್ಸಿಗೆ ಹೊರಟಾಗ ಅಪ್ಪ ಬಾಗಿಲ ತನಕ ಬಂದರು.

“ಬರೋ ಶನಿವಾರಾನೂ ಬತ್ತೀಯಾ? ಹಂಗಾದ್ರೆ ಹಿತ್ಲು ಕಡೆ ಸಾಲು ಕೀಳಿಸ್ದೆ ಬುಟ್ಟಿರ್ತೀನಿ.”